ನಿಮ್ಮ ಮಗಳು ಯಾವ ಲೆವೆಲ್?

ಇಂದಿರಾನಗರದ ಆ ಫುಟ್‌ಬಾಲ್ ಅಕಾಡೆಮಿಯಲ್ಲಿ ಯಾರೂ ನನ್ನ ಮಗಳ ಹೆಸರು ಕೇಳಲಿಲ್ಲ. ಮೊದಲ ದಿನ ಪಕ್ಕದ ಮಡಚುವ ಕುರ್ಚಿಯಲ್ಲಿ ಕೂತಿದ್ದ ತಾಯಿಯೊಬ್ಬಳು ಕಪ್ಪು ಕನ್ನಡಕವನ್ನು ತಲೆಗೇರಿಸಿ, ನಿಮ್ಮ ಮಗಳು ಯಾವ ಲೆವೆಲ್ ಎಂದು ಕೇಳಿದಳು. ಎಲೈಟ್ ಎಂದೆ. ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು, ಡಬ್ಬಿಯಲ್ಲಿದ್ದ ನೆನೆಸಿದ ಬಾದಾಮಿ ಕೊಟ್ಟಳು. ಬೇರೆ ಉತ್ತರ ಹೇಳಿದ್ದರೆ ಬಾದಾಮಿ ಸಿಗುತ್ತಿರಲಿಲ್ಲ. ಕೆಳಗಿನ ತಂಡದ ತಾಯಂದಿರು ಬಂದಾಗ ಆಕೆ ಮೊಬೈಲ್ ತೆಗೆದು ತಲೆ ತಗ್ಗಿಸಿಬಿಡುವುದನ್ನು ಆಮೇಲೆ ಎಷ್ಟೋ ಸಲ ನೋಡಿದೆ.

ಅಲ್ಲಿ ಹದಿನಾಲ್ಕು ವರ್ಷದ ಹೆಣ್ಣುಮಕ್ಕಳಿಗೆ ಎರಡು ತಂಡ. ಮೇಲಿನದು ಎಲೈಟ್. ಕೆಳಗಿನದನ್ನು ಕೆಳಗಿನದು ಎನ್ನುವ ಧೈರ್ಯ ಯಾರಿಗೂ ಇಲ್ಲದ್ದರಿಂದ ಅದಕ್ಕೆ ಡೆವಲಪ್‌ಮೆಂಟ್ ಎಂದು ಹೆಸರು. ಮಕ್ಕಳು ಓಡಾಡುವುದಕ್ಕಿಂತ ಹೆಚ್ಚಾಗಿ ತಂದೆತಾಯಿಯರು ಅಲ್ಲಿ ಈ ಎರಡರ ನಡುವೆ ಓಡಾಡುತ್ತಿದ್ದರು. ಎಕ್ಸ್‌ಪೋಷರ್, ಪಾಥ್‌ವೇ, ಕಾಲೇಜು ಅಡ್ಮಿಷನ್ನಿಗೆ ಪ್ರೊಫೈಲು ಎಂದೆಲ್ಲ ಮಾತು. ಚೆಂಡು ಗೆರೆ ದಾಟಿದರೆ ಯಾರ ಥ್ರೋ ಎಂದು ಗೊತ್ತಾಗದ ಜನ ಇವರು.

ನನಗೆ ಈ ಆಟ ಹೊಸದಲ್ಲ. ನಾನು ಹಲಸೂರಿನಲ್ಲಿ ಹುಟ್ಟಿದವಳು. ಭಾನುವಾರ ಬೆಳಿಗ್ಗೆ ಅಪ್ಪ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಮ್ಯಾಚಿಗೆ ಕರೆದುಕೊಂಡು ಹೋಗುತ್ತಿದ್ದರು. ಹುಲ್ಲಿನ ಹೆಸರಿಲ್ಲದ ಮೈದಾನ. ರೆಫರಿಗೆ ತಮಿಳಿನಲ್ಲಿ ಬೈಗುಳ ಶುರುವಾಗಿ, ಶಿವಾಜಿನಗರದಿಂದ ಬಂದವರ ದಖ್ಖನಿ ಉರ್ದುವಿನಲ್ಲಿ ಏರಿ, ಕನ್ನಡದಲ್ಲಿ ಮುಗಿಯುತ್ತಿತ್ತು. ಅಲ್ಲೂ ಎರಡೇ ಲೆವೆಲ್ ಇದ್ದವು: ಆಡುವವರು, ನೋಡುವವರು. ಯಾರು ಯಾವುದಕ್ಕೆ ಸೇರಿದವರು ಎಂದು ಹೇಳಲು ಈ ಅಕಾಡೆಮಿಯಲ್ಲಿರುವಂಥ ಡೈರೆಕ್ಟರ್ ಬೇಕಿರಲಿಲ್ಲ.

ಮದುವೆಯಾಗಿ ಬಂದದ್ದು ಕಗ್ಗದಾಸಪುರಕ್ಕೆ. ಗಂಡನ ಮನೆಯವರು ಒಂದು ಕಾಲಕ್ಕೆ ಅಲ್ಲಿ ರಾಗಿ, ಅವರೆ ಬೆಳೆದವರು. ಈಗ ಬೆಳೆಯುವುದು ಬಾಡಿಗೆ ಮನೆಗಳನ್ನು. ಉಳಿದಿದ್ದ ಒಂದು ಖಾಲಿ ಸೈಟಿನಲ್ಲಿ ಮಗಳು ದಾಯಾದಿ ಹುಡುಗರ ಜೊತೆ ಚೆಂಡು ಒದ್ದು ಬೆಳೆದಳು. ಎಡಗಾಲಿನವಳು. ಹುಡುಗರು ಬಲಕ್ಕೆ ವಾಲಿದರೆ ಇವಳು ಎಡಕ್ಕೆ ಜಾರಿಕೊಂಡು ಹೋಗಿಬಿಡುತ್ತಿದ್ದಳು. ಅದನ್ನು ನೋಡಿಯೇ ಅಕಾಡೆಮಿಯ ಟ್ರಯಲ್ಸಿಗೆ ಕರೆದುಕೊಂಡು ಹೋದೆ. ಎಲೈಟ್‌ಗೆ ಆಯ್ಕೆಯಾದಳು. ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಸರಿಯಿರುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ನನ್ನ ಗಂಡನ ಅಣ್ಣ ಇದ್ದಾರೆ. ಭಾವನವರಿಗೆ ವಾರ್ಡಿನಲ್ಲಿ ಚುನಾವಣೆಗೆ ನಿಲ್ಲಬೇಕೆಂಬ ಆಸೆ. ಚುನಾವಣೆ ಬರುವುದಿಲ್ಲ, ಆಸೆ ಹೋಗುವುದಿಲ್ಲ. ನಮ್ಮ ಕಡೆ ಹುಡುಗ ಹತ್ತನೇ ಕ್ಲಾಸು ಪಾಸಾದರೂ ಫ್ಲೆಕ್ಸ್, ಶಬರಿಮಲೆಗೆ ಹೊರಟರೂ ಫ್ಲೆಕ್ಸ್, ಬೋರ್‌ವೆಲ್ಲಿಗೆ ನೀರು ಬಂದರೂ ಫ್ಲೆಕ್ಸ್. ಆಯ್ಕೆಯ ಸುದ್ದಿ ತಿಳಿದ ಮರುದಿನವೇ ನಮ್ಮ ರಸ್ತೆ ತಿರುವಿನಲ್ಲಿ ಎರಡು ಆಳೆತ್ತರದ ಫ್ಲೆಕ್ಸ್ ನಿಂತಿತ್ತು. ಅದರಲ್ಲಿ ಭಾವ ಬಿಳಿ ಅಂಗಿ ತೊಟ್ಟು, ತಲೆಯಿಂದ ಕಾಲಿನವರೆಗೆ, ಕೈಮುಗಿದು ನಿಂತಿದ್ದರು. ಕೆಳಗೆ ಶುಭ ಕೋರುವವರ ದುಂಡು ದುಂಡು ಮುಖಗಳ ಸಾಲು. ಎಲೈಟ್ ತಂಡಕ್ಕೆ ಆಯ್ಕೆಯಾದ ಊರಿನ ಹೆಮ್ಮೆಯ ಪುತ್ರಿ ಒಂದು ಮೂಲೆಯಲ್ಲಿ, ಸ್ಕೂಲು ಐಡಿ ಕಾರ್ಡಿನ ಫೋಟೊದಲ್ಲಿ, ಕಣ್ಣು ಅರ್ಧ ಮುಚ್ಚಿಕೊಂಡಿದ್ದಳು. ಎಲೈಟ್ ಎಂದರೆ ಏನೆಂದು ಆ ದುಂಡು ಮುಖಗಳಲ್ಲಿ ಒಂದಕ್ಕೂ ಗೊತ್ತಿರಲಿಲ್ಲ. ರಾಜ್ಯ ತಂಡ ಎಂದು ಕೆಲವರು, ಇಂಡಿಯಾ ಟೀಮು ಎಂದು ಉಳಿದವರು ತಿಳಿದುಕೊಂಡರು. ಭಾವ ಯಾರನ್ನೂ ತಿದ್ದಲಿಲ್ಲ.

ವಾರದೊಳಗೆ ಪಾಲಿಕೆಯವರು ಬಂದು ಬೇರೆ ಹತ್ತಾರು ಫ್ಲೆಕ್ಸುಗಳ ಜೊತೆ ಅದನ್ನೂ ಕಿತ್ತುಕೊಂಡು ಹೋದರು. ನಮ್ಮ ಮನೆಯೊಳಗೆ ಮಾತ್ರ ಅದು ವರ್ಷವಿಡೀ ನಿಂತೇ ಇತ್ತು.

ಸೀಸನ್ ಶುರುವಾದ ಮೇಲೆ ಅಕಾಡೆಮಿಯ ವ್ಯವಹಾರ ಅರ್ಥವಾಯಿತು. ಎಲೈಟ್ ತಂಡಕ್ಕೆ ಆಡುವುದಕ್ಕೆ ಬೇಕಾದ್ದರ ಎರಡರಷ್ಟು ಮಕ್ಕಳನ್ನು ಸೇರಿಸಿಕೊಂಡಿದ್ದರು. ಅರ್ಧ ಜನ ಆಡುವುದಕ್ಕೆ, ಇನ್ನರ್ಧ ಜನ ಎಲೈಟ್ ಎನ್ನಿಸಿಕೊಳ್ಳುವುದಕ್ಕೆ. ನನ್ನ ಮಗಳು ಎರಡನೆಯ ಅರ್ಧದಲ್ಲಿದ್ದಳು. ಜರ್ಸಿಯ ಮೇಲೆ, ಬದಲಿ ಆಟಗಾರರಿಗೆ ಕೊಡುವ ಕಿತ್ತಳೆ ಬಣ್ಣದ ಬನಿಯನ್ ಹಾಕಿಕೊಂಡು ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ಚೆಂಡು ಹೊರಗೆ ಹೋದರೆ ತಂದುಕೊಡುತ್ತಿದ್ದಳು. ನೀರಿನ ಬಾಟಲಿಗಳನ್ನು ಜೋಡಿಸಿಡುತ್ತಿದ್ದಳು. ತಂಡ ಗೆದ್ದು, ಎದುರಾಳಿಗಳು ಸುಸ್ತಾಗಿ, ಆಟ ಇನ್ನೇನು ಮುಗಿಯಿತು ಎನ್ನುವಾಗ ಒಂದೆರಡು ಸಲ ಒಳಗೆ ಕಳಿಸಿದರು. ಚೆಂಡು ಇವಳ ಕಡೆ ಬರುವ ಮುಂಚೆ ರೆಫರಿ ಸೀಟಿ ಊದಿದರು. ಗ್ರೂಪ್ ಫೋಟೊಗೆ ಮಾತ್ರ ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ಜರ್ಸಿ ಕೊಳೆಯಾಗಿರದಿದ್ದರೆ ಫೋಟೊ ಚೆನ್ನಾಗಿ ಬರುತ್ತದೆ.

ಆ ಫೋಟೊಗಳನ್ನು ಭಾವ ತಮ್ಮ ಎಲ್ಲ ವಾಟ್ಸಾಪ್ ಗ್ರೂಪುಗಳಿಗೂ ಕಳಿಸುತ್ತಿದ್ದರು. ನಮ್ಮ ಹುಡುಗಿ ಗೆದ್ದಳು ಎಂದು ಬರೆದು, ಕೆಳಗೆ ಕೈಮುಗಿದ ಗುರುತು ಹಾಕುತ್ತಿದ್ದರು. ನಾನು ಮನೆಗೆ ಬಂದು ಕೊಳೆಯಾಗದ ಜರ್ಸಿಯನ್ನು ಒಗೆದು, ಓರಗಿತ್ತಿಗೆ ಕಾಣುವಂತೆ ಮಹಡಿಯ ಹಗ್ಗಕ್ಕೆ ಹಾಕುತ್ತಿದ್ದೆ. ನನ್ನ ಗಂಡ ಅಣ್ಣನೆದುರು ಬಾಯಿ ತೆರೆದವರಲ್ಲ. ಹಗ್ಗದ ಮೇಲಿನ ಜರ್ಸಿಯನ್ನು ನೋಡಿ ನೆಮ್ಮದಿಯಾಗಿದ್ದರು.

ಬಾದಾಮಿಯ ತಾಯಿಯ ಮಗಳೂ ಬೆಂಚಿನಲ್ಲೇ ಇದ್ದಳು. ಆಕೆಗೆ ಅದರ ಬಗ್ಗೆ ಬೇಸರವೇ ಇರಲಿಲ್ಲ. ಎಲೈಟ್‌ನ ಬೆಂಚು ಕೆಳಗಿನ ತಂಡದ ಕ್ಯಾಪ್ಟನ್‌ಗಿರಿಗಿಂತ ಮೇಲು ಎಂದು ನನಗೆ ಇಂಗ್ಲಿಷಿನಲ್ಲಿ ವಿವರಿಸಿದಳು. ಆ ಹುಡುಗಿ ಬೆಂಚಿನಲ್ಲಿ ಕೂತು ಉಗುರು ಕಚ್ಚಿ ಕಚ್ಚಿ ಬೆರಳಿನ ತುದಿಗಳೆಲ್ಲ ಕೆಂಪಾಗಿದ್ದವು. ಇಂಥ ಮೂರ್ಖತನಕ್ಕೆ ಓದು ಬೇಕು, ದೊಡ್ಡ ಸಂಬಳ ಬೇಕು, ಹದಿನೇಳನೇ ಮಹಡಿಯಲ್ಲಿ ಫ್ಲಾಟ್ ಬೇಕು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆಕೆಯ ಕುರ್ಚಿಯ ಪಕ್ಕದಲ್ಲಿ ನನ್ನ ಕುರ್ಚಿ ಇತ್ತು.

ಮಗಳು ಖಾಲಿ ಸೈಟಿಗೆ ಹೋಗುವುದನ್ನು ನಿಲ್ಲಿಸಿದಳು. ಹುಡುಗರು ಗೇಟಿನ ಹತ್ತಿರ ಬಂದು ಕೂಗಿದರೆ ಓದುವುದಿದೆ ಎನ್ನುತ್ತಿದ್ದಳು. ಮ್ಯಾಚಿದ್ದ ದಿನ ಬೆಳಿಗ್ಗೆ ಹೊಟ್ಟೆನೋವು ಬರತೊಡಗಿತು. ಚೆಂಡು ಮಂಚದ ಕೆಳಗೆ ಸೇರಿ ಗಾಳಿ ಕಳೆದುಕೊಂಡಿತು. ಆಡುವವಳೊಬ್ಬಳನ್ನು ನಾವೆಲ್ಲ ಸೇರಿ ನೋಡುವವಳಾಗಿ ಮಾಡುತ್ತಿದ್ದೆವು. ಇನ್ನು ಸ್ವಲ್ಪ ದಿನ ಹೋದರೆ ಅವಳು ನೋಡುವುದನ್ನೂ ಬಿಡುತ್ತಾಳೆಂದು ನನಗೆ ಹೆದರಿಕೆಯಾಯಿತು.

ಒಂದು ಸಂಜೆ ಸ್ಕೂಟರಿನಲ್ಲಿ ವಾಪಸು ಬರುವಾಗ ಹಳೇ ಮದ್ರಾಸ್ ರಸ್ತೆಯ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡೆವು. ಹಿಂದಿನಿಂದ ಅವಳು ನನ್ನ ಭುಜಕ್ಕೆ ಗಲ್ಲ ಊರಿದಳು.

"ಅಮ್ಮ, ನಾನು ಡೆವಲಪ್‌ಮೆಂಟ್‌ಗೆ ಹೋಗ್ಬಿಡ್ತೀನಿ. ಅಲ್ಲಿ ಲೆಫ್ಟ್ ವಿಂಗಿಗೆ ಯಾರೂ ಇಲ್ಲ."

ನನ್ನ ಬಾಯಿಂದ ಮೊದಲು ಬಂದದ್ದು, ದೊಡ್ಡಪ್ಪನಿಗೆ ಏನು ಹೇಳೋದು ಎಂಬ ಮಾತು. ಅವಳು ಗಲ್ಲ ತೆಗೆದಳು.

ಅವಳ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಮರುವಾರ, ಸೀಸನ್ ಮುಗಿದ ಮೇಲೆ, ಡೈರೆಕ್ಟರನ್ನು ನೋಡಲು ಇಬ್ಬರೂ ಹೋದೆವು. ಆತ ಕ್ಯಾಪಿನ ಮೇಲೆ ಕನ್ನಡಕ, ಕನ್ನಡಕದ ಮೇಲೆ ಹೆಡ್‌ಫೋನು ಏರಿಸಿಕೊಂಡು, ಹುಟ್ಟಿದ್ದು ಬೆಂಗಳೂರೇ ಆದರೂ ಎಲ್ಲಿಯದೋ ದೇಶದ ಇಂಗ್ಲಿಷು ಮಾತಾಡುವ ಮನುಷ್ಯ. ಕೆಳಗೆ ಇಳಿದರೆ ಮಗುವಿನ ಆತ್ಮವಿಶ್ವಾಸಕ್ಕೆ ಪೆಟ್ಟು ಬೀಳುತ್ತದೆ, ಪ್ರೊಸೆಸ್ಸನ್ನು ನಂಬಬೇಕು, ಇದೊಂದು ಜರ್ನಿ ಎಂದ. ಬೆಂಚಿನಿಂದ ಬೆಂಚಿಗೆ ಎಂಥ ಜರ್ನಿ ಎಂದು ಕೇಳಬೇಕೆನಿಸಿತು. ನಾನು ನಾಲಿಗೆ ಮಸೆದುಕೊಳ್ಳುವಷ್ಟರಲ್ಲಿ ಮಗಳೇ ಮಾತಾಡಿದಳು.

"ಮುಂದಿನ ಸೀಸನ್ ನನ್ನ ಆಡಿಸ್ತೀರಾ ಇಲ್ವಾ, ಅಷ್ಟು ಹೇಳಿ ಸರ್."

ಆತ ಪ್ರೊಸೆಸ್ ಎಂದು ಮತ್ತೆ ಶುರುಮಾಡಿದ. ಅವಳು ಕಿತ್ತಳೆ ಬನಿಯನ್ನನ್ನು ಮಡಚಿ ಮೇಜಿನ ಮೇಲಿಟ್ಟು, ಹಾಗಾದರೆ ಡೆವಲಪ್‌ಮೆಂಟ್‌ಗೆ ಹಾಕಿ ಎಂದಳು. ಹೊರಗೆ ಬಂದಾಗ ಬಾದಾಮಿಯ ತಾಯಿ ನನ್ನ ತೋಳು ಸವರಿ ಸಮಾಧಾನ ಹೇಳಿದಳು. ಮನೆಯಲ್ಲಿ ಯಾರೋ ತೀರಿಕೊಂಡಾಗ ಹೇಳುವ ದನಿ.

ಮನೆಯಲ್ಲಿ ನಾನು ಏನೂ ಹೇಳಲಿಲ್ಲ. ಜರ್ಸಿಯ ಬಣ್ಣ ಬೇರೆಯಾಗಿದ್ದಕ್ಕೆ ಹೊಸ ಸೀಸನ್ನಿನ ಡಿಸೈನ್ ಎಂದೆ. ಈಗ ಅದಕ್ಕೆ ನಿಜವಾದ ಕೊಳೆ ಹತ್ತುತ್ತಿತ್ತು, ಉಜ್ಜಿ ಉಜ್ಜಿ ಕೈ ನೋಯುತ್ತಿತ್ತು. ಭಾವನಿಗೆ ಎರಡು ತಂಡಗಳ ವ್ಯತ್ಯಾಸ ಸತ್ತರೂ ತಿಳಿಯುವುದಿಲ್ಲ, ಅವರು ಮೈದಾನಕ್ಕೆ ಬರುವ ಪೈಕಿಯೂ ಅಲ್ಲ ಎಂಬ ಧೈರ್ಯದಲ್ಲಿದ್ದೆ.

ಹಾಗಂದುಕೊಂಡ ತಿಂಗಳಲ್ಲೇ, ಕೃಷ್ಣರಾಜಪುರದಾಚೆಯ ಒಂದು ಮಣ್ಣಿನ ಮೈದಾನದಲ್ಲಿ ಮ್ಯಾಚು ನಡೆಯುತ್ತಿದ್ದಾಗ, ಭಾವ ಕಾರಿನಿಂದ ಇಳಿದರು. ಕೈಯಲ್ಲಿ ಸೇವಂತಿಗೆ ಹಾರ, ಶಾಲು. ಮಗಳೇ ಫೋನು ಮಾಡಿ ಕರೆದಿದ್ದಳಂತೆ. ನನಗೆ ಒಂದು ಮಾತೂ ಹೇಳಿರಲಿಲ್ಲ. ಅವರು ಗೆರೆಯ ಪಕ್ಕದಲ್ಲೇ ನಿಂತು, ಯಾವ ಗೋಲು ನಮ್ಮದು ಎಂದು ಪಕ್ಕದವರನ್ನು ಕೇಳಿ ತಿಳಿದುಕೊಂಡರು. ಆಮೇಲೆ ಚೆಂಡು ಯಾರ ಕಾಲಲ್ಲಿದ್ದರೂ ಚಪ್ಪಾಳೆ ತಟ್ಟಿದರು. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ದೂರ ನಿಂತೆ.

ಮಗಳು ಮೊದಲಿನಿಂದ ಕೊನೆಯವರೆಗೂ ಆಡಿದಳು. ಎಡಗಡೆಯ ಗೆರೆಯುದ್ದಕ್ಕೂ ಧೂಳೆಬ್ಬಿಸಿಕೊಂಡು ಓಡಿದಳು, ಬಿದ್ದಳು, ಚೆಂಡು ಕಳೆದುಕೊಂಡು ತಾನೇ ಹಿಂದೆ ಓಡಿ ಕಿತ್ತುಕೊಂಡಳು. ಅವಳು ಕೊಟ್ಟ ಪಾಸಿನಿಂದ ಒಂದು ಗೋಲು ಬಂತು. ಆದರೂ ತಂಡ ಸೋತಿತು. ಭಾವನಿಗೆ ಅದು ಗೊತ್ತಾಯಿತೋ ಇಲ್ಲವೋ, ಸೀಟಿ ಊದಿದ ತಕ್ಷಣ ಒಳಗೆ ನುಗ್ಗಿ ಬೆವರು ಸುರಿಯುತ್ತಿದ್ದ ಹುಡುಗಿಯ ಕೊರಳಿಗೆ ಹಾರ ಹಾಕಿದರು. ಎಲೈಟ್ ಅಂದರೆ ಎಲೈಟೇ ಬಿಡಮ್ಮ ಎಂದು ನನ್ನ ಕಡೆ ತಿರುಗಿದರು. ಹೂಂ ಭಾವ ಎನ್ನಲು ನಾನು ಬಾಯಿ ತೆರೆದಿದ್ದೆ.

"ಇದು ಎಲೈಟ್ ಅಲ್ಲ ದೊಡ್ಡಪ್ಪ," ಎಂದಳು ಮಗಳು. "ಕೆಳಗಿನ ಟೀಮು. ನಾನೇ ಕೇಳಿ ಇಳ್ದಿದೀನಿ. ಅಲ್ಲಿ ನನ್ನ ಆಡಿಸ್ತಾನೇ ಇರ್ಲಿಲ್ಲ, ವರ್ಷ ಪೂರ್ತಿ ಕೂತಿದ್ದೆ."

ಭಾವ ಶಾಲನ್ನು ಕೈಯಲ್ಲೇ ಹಿಡಿದುಕೊಂಡು ನಿಂತರು. ಈಗ ಕೂಗಾಡುತ್ತಾರೆ, ಊರ ಮುಂದೆ ತಲೆ ತಗ್ಗಿಸುವ ಹಾಗಾಯಿತು ಎನ್ನುತ್ತಾರೆ ಎಂದುಕೊಂಡೆ. ಅದಕ್ಕೆ ಕೊಡಬೇಕಾದ ಉತ್ತರ ವರ್ಷದಿಂದ ನನ್ನ ನಾಲಿಗೆಯ ತುದಿಯಲ್ಲಿತ್ತು. ಅವರು ಕೂಗಾಡಲಿಲ್ಲ.

"ಆ ಎಲ್ಲಾ ಮ್ಯಾಚಿಗೂ ನೀನೇ ಕರ್ಕೊಂಡು ಹೋಗಿದ್ಯಲ್ಲಮ್ಮ," ಎಂದರು ನನಗೆ. "ನಂಗ್ಯಾಕೆ ಹೇಳ್ಲಿಲ್ಲ?"

"ಊರಿಗೆಲ್ಲ ಹೇಳ್ಬಿಟ್ಟಿದ್ರಿ ಭಾವ. ನಿಮ್ಮ ಮರ್ಯಾದೆ ಪ್ರಶ್ನೆ ಅಂತ."

"ನನ್ ಮರ್ಯಾದೆ ನಾನ್ ನೋಡ್ಕೋತಿದ್ದೆ. ನೀನು ಮಗೂನ ನೋಡ್ಕೋಬೇಕಿತ್ತು."

ಹದಿನಾರು ವರ್ಷ ಆ ಮನುಷ್ಯನ ಮಾತನ್ನು ನಾನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟವಳು. ಸಹಾಯಕ್ಕೆ ಮಗಳ ಮುಖ ನೋಡಿದೆ. ಅವಳು ಹಾರ ತೆಗೆದು ದೊಡ್ಡಪ್ಪನ ಕೈಗೆ ಕೊಟ್ಟು, ಬಗ್ಗಿ ಬೂಟಿನ ಲೇಸು ಬಿಚ್ಚುತ್ತಿದ್ದಳು. ಹಾಗಲ್ಲ ದೊಡ್ಡಪ್ಪ ಎಂದು ಅವಳು ಹೇಳಲಿಲ್ಲ.