ಸೀಟಿನ ಮೇಲಿನ ದಸ್ತಿ

ಟಿಕೋಟಾದ ಗುಲಶನಳಿಗೆ ಜಾಗ ಹಿಡಿಯುವುದು ಹುಟ್ಟಿನಿಂದ ಬಂದ ವಿದ್ಯೆ. ವಿಜಾಪುರದ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಅವಳ ಹಳದಿ ಕರವಸ್ತ್ರ, ಅವಳ ಮಾತಿನಲ್ಲಿ ದಸ್ತಿ, ಕಿಟಕಿಯಿಂದ ಹಾರಿ ಸೀಟಿನ ಮೇಲೆ ಬಿದ್ದಿರುತ್ತಿತ್ತು. ಆಮೇಲೆ ಎಂಥ ಗಟ್ಟಿಗನೂ ಅದನ್ನು ಮುಟ್ಟುತ್ತಿರಲಿಲ್ಲ.

ಎಪ್ಪತ್ತೆಂಟನೆಯ ಇಸವಿಯಲ್ಲಿ ಗೋಳಗುಮ್ಮಟದ ಹತ್ತಿರ ವಿಶ್ವವಿದ್ಯಾಲಯದವರ ಸಮೀಕ್ಷೆಯ ಕಚೇರಿಯಲ್ಲಿ ಅವಳಿಗೆ ಹಂಗಾಮಿ ಕೆಲಸ ಸಿಕ್ಕಿತು. ಅಲ್ಲೊಂದು ಟೈಪು ಮಾಡುವ ಯಂತ್ರ. ಟೆಲಿಫೋನ್ ತಂತಿಯ ಆಚೆ ತುದಿಗೆ ದೂರದ ಊರಿನ ದೊಡ್ಡ ಕಂಪ್ಯೂಟರ್. ಇಡೀ ಕಚೇರಿಗೆ ಒಂದೇ ಖಾತೆ, ಫೈಲು ಇಡಲು ಅಂಗೈಯಗಲ ಜಾಗ. ಒಬ್ಬರ ಫೈಲನ್ನು ಇನ್ನೊಬ್ಬರು ಅಳಿಸಬಾರದೆಂದು ಕಟ್ಟುನಿಟ್ಟು. ಗುಲಶನ ತಲೆ ಕೆಡಿಸಿಕೊಳ್ಳಲಿಲ್ಲ. ಬರೀ ಸೊನ್ನೆ ತುಂಬಿದ ಫೈಲೊಂದನ್ನು ಒಳಗೆ ಹಾಕಿ ಜಾಗ ಹಿಡಿದಳು. ಕೆಲಸ ಬಂದಾಗ ಸೊನ್ನೆ ಅಳಿಸಿದರಾಯಿತು. ಪಕ್ಕದ ಮೇಜಿನ ಗೊಲ್ಲಾಳಪ್ಪ ಬಬಲೇಶ್ವರದವನು, ಅವಳಿಗಿಂತೇನು ಕಡಿಮೆಯೆ? ಗುಟ್ಟು ತಿಳಿದದ್ದೇ ತಡ, ಉಳಿದ ಜಾಗಕ್ಕೆಲ್ಲ ತನ್ನ ಸೊನ್ನೆ ಹಾಸಿಬಿಟ್ಟ.

ನಿಡೋಣಿ ಹಳ್ಳಿಯ ಬಾವಿಗಳ ಲೆಕ್ಕ ಬಂದ ದಿನ ಫಜೀತಿಯಾಯಿತು. ಸಂಜೆಯೊಳಗೆ ಅದು ಸೇರದಿದ್ದರೆ ಕೆಲಸಕ್ಕೆ ಸಲಾಮು ಹೊಡೆಯಬೇಕೆಂದು ಸಾಹೇಬರು ಹೇಳಿದ್ದರು. ಗುಲಶನ ಹಿಡಿದಿಟ್ಟಿದ್ದ ಜಾಗ ಅರ್ಧ ಬಾವಿಗಳಿಗೇ ತುಂಬಿತು. ಉಳಿದರ್ಧವನ್ನು ಟೈಪು ಮಾಡಿ ಮುಗಿಸಿದರೆ, ಜಾಗವಿಲ್ಲವೆಂದು ಯಂತ್ರ ಕಟಕಟ ಬರೆಯಿತು. ಫೈಲಿಗೆ ಸೇರುವ ಮೊದಲು ತಂತಿಯ ಸಂಪರ್ಕ ಕಡಿದರೆ ಟೈಪು ಮಾಡಿದ್ದಷ್ಟೂ ನೀರುಪಾಲು. ಗೊಲ್ಲಾಳಪ್ಪನನ್ನು ಕೇಳೋಣವೆಂದರೆ ಅವನು ತಂಗಿಯ ಕುಬಸಕ್ಕೆಂದು, ಅದೇ ಸೀಮಂತಕ್ಕೆ, ಊರಿಗೆ ಹೋಗಿದ್ದ. ಅವನ ಫೈಲು ತೆಗೆದು ನೋಡಿದಳು, ತುದಿಯಿಂದ ತುದಿಗೆ ಸೊನ್ನೆ. ಆಗ ಕಂಡಕ್ಟರರ ಕಾಯ್ದೆ ನೆನಪಾಯಿತು: ಬಸ್ಸು ಬಿಟ್ಟರೂ ಒಡೆಯ ಬರದಿದ್ದರೆ ದಸ್ತಿ ಬರೀ ಬಟ್ಟೆ. ಅಳಿಸಿದಳು, ಬಾವಿಗಳನ್ನೆಲ್ಲ ಒಳಗೆ ಕೂಡಿಸಿದಳು.

ಮರುದಿನ ಗೊಲ್ಲಾಳಪ್ಪ ಕೆಂಡವಾಗಿ ತನ್ನ ಫೈಲೆಲ್ಲಿ ಎಂದು ಕೇಳಿದ.

"ನಿಮ್ಮ ದಸ್ತಿ ತಗದು ಕುಂತೀನ್ರಿ," ಎಂದಳು. "ಬಸ್ ಬಿಟ್ಟ ಮ್ಯಾಲೆ ದಸ್ತಿಗೆ ಸೀಟಿಲ್ಲ."

ಅವನು ತನ್ನ ಮೇಜಿಗೆ ಮರಳಿದ. ಗೆದ್ದೆನೆಂದು ಅವಳು ಹಿಗ್ಗಿದಳು.

ಅಂದು ಸಂಜೆ ದಸ್ತಿ ಎಸೆದು ಬಾಳೆಹಣ್ಣು ಕೊಳ್ಳಲು ಹೋದಳು. ಚೌಕಾಸಿ ಮಾಡುವಷ್ಟರಲ್ಲಿ ಬಸ್ಸು ಹೊರಟಿತು. ಓಡಿ ಹತ್ತಿದರೆ, ಅವಳ ಸೀಟಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಗೊಲ್ಲಾಳಪ್ಪ! ಬಬಲೇಶ್ವರದ ಹಾದಿಯೇ ಬೇರೆ. ಟಿಕೋಟಾದಲ್ಲಿ ಅವನಿಗೆ ನೆಂಟರೂ ಇರಲಿಲ್ಲ, ಕೆಲಸವೂ ಇರಲಿಲ್ಲ. ಹಳದಿ ದಸ್ತಿಯನ್ನು ನೀಟಾಗಿ ಮಡಚಿ ಚಾಚಿದ.

"ತಗೋರಿ ಬಾಯಾರ. ಬಸ್ ಬಿಟ್ಟೈತಿ."

ಗುಲಶನಳಿಗೆ ಸಿಟ್ಟೂ ಬಂತು, ನಗುವೂ ಬಂತು. ಕಂಬ ಹಿಡಿದು ಊರಿನತನಕ ನಿಂತೇ ಹೋದಳು. ಅದು ವಸ್ತಿ ಬಸ್ಸು, ಬೆಳಗಾಗುವತನಕ ಟಿಕೋಟಾ ಬಿಟ್ಟು ಕದಲುವುದಿಲ್ಲ ಎಂಬುದನ್ನು ಮಾತ್ರ ಇಳಿಯುವತನಕ ಅವನಿಗೆ ಹೇಳಲಿಲ್ಲ.