ಗೆಲ್ಲಬಾರದ ಓಟ

“ಗೆಲ್ಲಬೇಡ,” ಅಂದಳು ಮೆರ್ವಿ. ಮಗಳ ಎದೆಯ ಮೇಲಿನ ಬೆಲ್ಟನ್ನು ಎಳೆದು ಬಿಗಿ ಮಾಡುತ್ತಾ ಇನ್ನೊಮ್ಮೆ ಅಂದಳು: “ಮೂರನೆಯವಳಾಗಿ ಬಾ. ನಾಲ್ಕಾದ್ರೂ ಸಾಕು. ಗೆದ್ದುಗಿದ್ದೀಯ, ಜೋಕೆ.”

“ಗೊತ್ತಮ್ಮಾ. ಬೆಳಿಗ್ಗೆಯಿಂದ ಏಳು ಸಲ ಹೇಳಿದೀಯ.”

“ಎಂಟನೇ ಸಲವೂ ಕೇಳಿಸ್ಕೊ. ಕಿವಿಯೇನೂ ಸವೆದು ಹೋಗಲ್ಲ.”

ಹದಿನೇಳು ವರ್ಷದ ಪಿನ್ಯಾ ಹೆಲ್ಮೆಟ್ಟಿನೊಳಗೇ ನಕ್ಕಳು. ಅವಳು ಗಿಡ್ಡಿ. ಕಾರಿನ ಸೀಟಿನ ಮೇಲೆ ಅಮ್ಮ ಹೊಲಿದುಕೊಟ್ಟ ಹೂವಿನ ಬಟ್ಟೆಯ ದಿಂಬು ಹಾಕಿಕೊಳ್ಳದಿದ್ದರೆ ರಸ್ತೆಯೇ ಕಾಣುತ್ತಿರಲಿಲ್ಲ.

ತಾಯಿಯೊಬ್ಬಳು ಮಗಳಿಗೆ ಗೆಲ್ಲಬೇಡ ಎಂದು ಕಿವಿ ಹಿಂಡುವುದು ಬೇರೆ ಊರಿನವರಿಗೆ ವಿಚಿತ್ರವೆನಿಸಬಹುದು. ಆದರೆ ಆ ಭಾನುವಾರ ಜಲ್ಲಿಗುಂಡಿಯ ಸುತ್ತ ಕಾಫಿ ಲೋಟ ಹಿಡಿದು ನಿಂತಿದ್ದ ಮುನ್ನೂರು ಜನರಲ್ಲಿ ಒಬ್ಬರಿಗೂ ಅದು ವಿಚಿತ್ರವಲ್ಲ. ಯೊಕ್ಕಿಸ್ ಎಂದು ಕರೆಯುವ ಈ ಮಣ್ಣಿನ ಕಾರು ಓಟದ ಕಟ್ಟಳೆಯೇ ಹಾಗೆ. ಓಟ ಮುಗಿದ ಮೇಲೆ ಓಡಿದ ಪ್ರತಿ ಕಾರೂ ಮಾರಾಟಕ್ಕೆ. ಬೆಲೆ ಎಲ್ಲಕ್ಕೂ ಒಂದೇ, ಅದೂ ಕಡಿಮೆ. ಓಟದ ಲೈಸೆನ್ಸ್ ಇದ್ದವರು ಯಾರು ಬೇಕಾದರೂ ಕೊಳ್ಳುತ್ತೇನೆಂದು ಚೀಟಿ ಬರೆದು ಡಬ್ಬಿಗೆ ಹಾಕಬಹುದು. ಒಂದಕ್ಕಿಂತ ಹೆಚ್ಚು ಚೀಟಿ ಬಿದ್ದರೆ ನೋಡದೆ ಒಂದನ್ನು ಎತ್ತುತ್ತಾರೆ. ಕೊಡಲ್ಲ ಎಂದವನ ಲೈಸೆನ್ಸು ಅಲ್ಲಿಗೇ ರದ್ದು. ಹಣವಂತರು ಚಿನ್ನದಂಥ ಕಾರು ಕಟ್ಟಿ ಬಡವರನ್ನು ತುಳಿಯಬಾರದು ಅಂತ ಹಿರಿಯರು ಮಾಡಿದ ಏರ್ಪಾಡು ಅದು. ಒಳ್ಳೆಯ ಏರ್ಪಾಡೇ, ನಮ್ಮ ಕಾರು ಹೋಗುವವರೆಗೆ.

ಮೆರ್ವಿಯ ಎರಡು ಕಾರು ಹಾಗೆ ಹೋಗಿದ್ದವು. ಎರಡನ್ನೂ ಕೊಂಡವನು ಮರ ಕೊಯ್ಯುವ ಮಿಲ್ಲಿನ ತಾವೆತ್ತಿ. ಕೆಟ್ಟವನಲ್ಲ. ಕಳ್ಳತನವಿಲ್ಲ, ಮಾತಿನಲ್ಲಿ ಬಿರುಸಿಲ್ಲ. “ಮೆರ್ವಿ ಬೆಸುಗೆ ಹಾಕಿದ್ರೆ ದೇವರು ಹಾಕಿದ ಹಾಗೆ,” ಎಂದು ಎಲ್ಲರೆದುರು ಹೊಗಳಿಯೇ ಒಯ್ಯುತ್ತಿದ್ದ. ಅವನ ಮಗ ಒಸ್ಕು ಓಡಿಸುತ್ತಿದ್ದ.

ಮೆರ್ವಿ ಊರಿನ ಟ್ರ್ಯಾಕ್ಟರುಗಳನ್ನು ರಿಪೇರಿ ಮಾಡುವವಳು. ಗಂಡನಿಗೆ ಹಡಗಿನಲ್ಲಿ ಕೆಲಸ. ತಿಂಗಳಿಗೊಮ್ಮೆ ಮನೆ ಕಾಣುತ್ತಿದ್ದ. ಪಿನ್ಯಾ ಕೂಸಾಗಿದ್ದಾಗ ತೊಟ್ಟಿಲಲ್ಲಿ ಮಲಗುತ್ತಲೇ ಇರಲಿಲ್ಲ. ಮೆರ್ವಿ ಅವಳನ್ನು ಕಾರಿಗೆ ಹಾಕಿಕೊಂಡು ಇದೇ ಜಲ್ಲಿಗುಂಡಿಯ ಸುತ್ತ ಹತ್ತು ಸುತ್ತು ಹೊಡೆದರೆ ಕಣ್ಣು ಮುಚ್ಚುತ್ತಿತ್ತು; ಎಂಜಿನ್ ನಿಲ್ಲಿಸಿದರೆ ಮತ್ತೆ ರಾಗ. ಆ ಕೂಸು ಹದಿನೈದಕ್ಕೆ ಓಟದ ಲೈಸೆನ್ಸು ತೆಗೆದುಕೊಂಡಾಗ ಯಾರಿಗೂ ಆಶ್ಚರ್ಯವಾಗಲಿಲ್ಲ.

ಮೂರನೆಯ ಕಾರು ಈ ಕೊರೊಲ್ಲಾ. ಎರಡು ಚಳಿಗಾಲ ಹಿಡಿದಿತ್ತು ಕಟ್ಟಲು. ಈ ಸಲ ಮೆರ್ವಿ ಬುದ್ಧಿ ಕಲಿತಿದ್ದಳು. ಹಟ್ಟಿಯ ಬಾಗಿಲಿಗೆ ಬಳಿದು ಉಳಿದ ಕಂದು ಬಣ್ಣವನ್ನು ಪೊರಕೆಯಂಥ ಬ್ರಷ್ಷಿನಲ್ಲಿ ಮೆತ್ತಿದಳು. ಸುತ್ತಿಗೆ ತೆಗೆದುಕೊಂಡು ಬಾಗಿಲುಗಳಿಗೆ ತಾನೇ ನಗ್ಗು ಕೊಟ್ಟಳು. ಕೊನೆಗೆ ಬಾನೆಟ್ಟಿನೊಳಗೆ ಒಂದು ಸಡಿಲ ತಗಡು ಸಿಕ್ಕಿಸಿದಳು. ಕಾರು ಓಡಿದರೆ ಸಾಕು, ಮುದುಕನ ಹಲ್ಲಿನ ಹಾಗೆ ಅದು ಲಟಲಟ ಎನ್ನುತ್ತಿತ್ತು. ಒಳಗಿನ ಎಂಜಿನ್ನು ಮಾತ್ರ ಗಡಿಯಾರ.

ಇವತ್ತಿನ ಕೊನೆಯ ಓಟದ ಮೊದಲ ನಾಲ್ವರು ಎರಡು ವಾರದ ನಂತರ ದೇಶದ ದೊಡ್ಡ ಪಂದ್ಯಕ್ಕೆ ಹೋಗುತ್ತಾರೆ. ಅಲ್ಲಿಗೆ ಪೊರ್ವೊ ಪಟ್ಟಣದಿಂದ ಬಿರ್ಗಿತ್ತಾ ಎಂಬವಳು ಬರುವವಳಿದ್ದಳು. ಅವಳದ್ದೊಂದು ತಂಡವಿದೆ, ಸಂಬಳ ಕೊಟ್ಟು ಓಡಿಸುವ ತಂಡ. ಮುಂದಿನ ವರ್ಷಕ್ಕೆ ಒಂದೇ ಒಂದು ಸೀಟು ಖಾಲಿ. “ನಿನ್ನ ಬಗ್ಗೆ ಕೇಳಿದ್ದೇನೆ, ಅಲ್ಲಿ ನೋಡುತ್ತೇನೆ” ಎಂದು ಪಿನ್ಯಾಗೆ ಎರಡು ಸಾಲು ಬರೆದಿದ್ದಳು. ಹಾಗಾಗಿ ನಾಲ್ವರೊಳಗೆ ಬರಬೇಕು, ಆದರೆ ಕಾರು ಒಳ್ಳೆಯದೆಂದು ಯಾರಿಗೂ ಅನ್ನಿಸಬಾರದು.

ಬಾವುಟ ಬಿತ್ತು. ಆರು ಕಾರು ಒಟ್ಟಿಗೆ ಧೂಳೆಬ್ಬಿಸಿದವು.

ಮೆರ್ವಿ ಸಾಸೇಜು ಅಂಗಡಿಯ ಪಕ್ಕ ನಿಂತಳು. ಅಂಗಡಿ ಹಿಲ್ಕಾಳದು. ಅರವತ್ತೊಂದು ವರ್ಷ, ಮನೆಯಲ್ಲಿ ಹದಿನೆಂಟು ಹಸು, ಹೆಂಗಸರ ಓಟದಲ್ಲಿ ತಾನೂ ಓಡಿಸುವವಳು.

“ಸಾಸಿವೆ ಹಾಕ್ಲಾ?” ಅಂದಳು ಹಿಲ್ಕಾ.

“ನಂಗೆ ಬೇಡ ಕಣೆ.”

“ಸುಮ್ನೆ ಹಿಡ್ಕೊ. ತಿನ್ನೋರ ಮೇಲೆ ತಾವೆತ್ತಿಗೆ ಅನುಮಾನ ಬರಲ್ಲ.”

ಮೊದಲ ಸುತ್ತಿನಲ್ಲಿ ಪಿನ್ಯಾ ಮೂರನೆಯವಳು. ಎರಡರಲ್ಲೂ ಮೂರು. ಲಟಲಟ ಸದ್ದು ಧೂಳಿನಾಚೆಯಿಂದ ಬರುತ್ತಲೇ ಇತ್ತು. ಬೇಲಿಯ ಬಳಿ ಯಾರೋ “ಆ ಕಂದು ಡಬ್ಬಿ ಇವತ್ತು ಮನೆಗೆ ಹೋಗೋದೂ ಕಷ್ಟ” ಎಂದು ನಕ್ಕರು. ಮೆರ್ವಿಗೆ ಅದು ಹಾಡಿನ ಹಾಗೆ ಕೇಳಿಸಿತು. ಮೂರು, ನಾಲ್ಕು, ಐದನೆಯ ಸುತ್ತು ಮುಗಿಯಿತು. ಇನ್ನು ಒಂದೇ.

ನಿಧಾನ ಓಡಿಸುವುದರಲ್ಲಿ ಒಂದು ಅಪಾಯವಿದೆ. ಮೆರ್ವಿಗೆ ಅದು ಗೊತ್ತಿತ್ತು, ಹೇಳಿರಲಿಲ್ಲ. ಹಿಂದಿನವರಿಗೆ ಆಸೆ ಹುಟ್ಟುತ್ತದೆ. ಕೊನೆಯ ಸುತ್ತಿನ ಮೊದಲ ತಿರುವಿನಲ್ಲಿ ಹಿಂದಿನ ನೀಲಿ ಕಾರು ಕೊರೊಲ್ಲಾದ ಮಗ್ಗುಲಿಗೆ ಗುದ್ದಿತು. ಪಿನ್ಯಾ ಅರ್ಧ ತಿರುಗಿ ಮಣ್ಣಿನ ದಿಬ್ಬಕ್ಕೆ ಒರಗಿದಳು. ಒಬ್ಬ ದಾಟಿದ, ಇನ್ನೊಬ್ಬ ದಾಟಿದ. ಈಗ ಅವಳು ಐದನೆಯವಳು. ದೊಡ್ಡ ಪಂದ್ಯವೂ ಇಲ್ಲ, ಬಿರ್ಗಿತ್ತಾಳೂ ಇಲ್ಲ.

ಮೆರ್ವಿ ಸಾಸೇಜು ಹಿಡಿದೇ ಬೇಲಿಗೆ ಓಡಿದಳು. ಎದ್ದು ಬಾ ಎನ್ನಲೇ, ಸುಮ್ಮನಿರು ಎನ್ನಲೇ?

ಆಗ ಅವಳಿಗೆ ಕೇಳಿಸಿತು, ಅಥವಾ ಕೇಳಿಸಲಿಲ್ಲ ಎನ್ನಬೇಕು. ಲಟಲಟ ನಿಂತುಹೋಗಿತ್ತು. ಗುದ್ದಿದ ರಭಸಕ್ಕೆ ತಗಡು ಕಿತ್ತು ದಿಬ್ಬದ ಮೇಲೆ ಬಿದ್ದಿತ್ತು. ಎರಡು ಚಳಿಗಾಲದ ಎಂಜಿನ್ನು ಬೆತ್ತಲೆಯಾಗಿ ಗುಡುಗಿತು.

ಪಿನ್ಯಾ ಒಬ್ಬನನ್ನು ಒಳಗಿನಿಂದ ದಾಟಿದಳು. ನಾಲ್ಕು. ಅಲ್ಲಿಗೆ ಬಿಡಬೇಕಿತ್ತು. ಆದರೆ ನೀಲಿ ಕಾರು ಮತ್ತೆ ಹೊರಳಿ ದಾರಿಗೆ ಅಡ್ಡ ಬರುತ್ತಿತ್ತು. ತಪ್ಪಿಸಿಕೊಳ್ಳಲು ಮುಂದೆಯೇ ಹೋಗಬೇಕು. ಮೂರು. ಆಮೇಲೆ ಯಾವ ಲೆಕ್ಕವೂ ಉಳಿಯಲಿಲ್ಲ. ಕೊನೆಯ ತಿರುವಿನಲ್ಲಿ ಕಂದು ಕಾರು ಅಡ್ಡಡ್ಡ ಜಾರುತ್ತಲೇ ಎರಡನೆಯವನನ್ನು, ಮೊದಲಿದ್ದ ಒಸ್ಕುವನ್ನು ಒಟ್ಟಿಗೆ ಹಿಂದೆ ಹಾಕಿತು.

ಚಪ್ಪಾಳೆ ಬರಲಿಲ್ಲ. ಮುನ್ನೂರು ಜನ ಕಾಫಿ ಕುಡಿಯುವುದನ್ನು ನಿಲ್ಲಿಸಿದ್ದರು. ತಾವೆತ್ತಿ ಬೇಲಿಗೆ ಒರಗಿ, ಪ್ರಾರ್ಥನೆ ಕೇಳುವವನ ಹಾಗೆ ಕಣ್ಣು ಮುಚ್ಚಿ ಆ ಸದ್ದು ಕೇಳುತ್ತಿದ್ದ. ಆಮೇಲೆ ಕಣ್ಣು ತೆರೆದು ಜೇಬಿನಿಂದ ಪೆನ್ನು ತೆಗೆದ.

ಚೀಟಿಗೆ ಅರ್ಧ ಗಂಟೆ ಸಮಯ. ಮಾರುವವಳ ಮನೆಯವರು ಚೀಟಿ ಹಾಕುವಂತಿಲ್ಲ. ಹಿಲ್ಕಾ ಅಂಗಡಿಯನ್ನು ಹಾಗೇ ಬಿಟ್ಟು ಓಡಿಹೋಗಿ ಚೀಟಿ ಹಾಕಿದಳು. ಹಾಲಿನ ಲಾರಿಯ ಪೆಂತ್ತಿ ಚೀಟಿ ಹಾಕಿದ, ಅವನ ತಂಗಿಯೂ ಹಾಕಿದಳು. ಈ ಮೂವರಲ್ಲಿ ಯಾರಿಗೆ ಬಂದರೂ ಕಾರು ಮೆರ್ವಿಯ ಕೊಟ್ಟಿಗೆಗೇ ವಾಪಸ್. ಆ ಕಡೆ ತಾವೆತ್ತಿ, ಒಸ್ಕು. ಮೂರಕ್ಕೆ ಎರಡು. ಹಿಲ್ಕಾ ಮೆರ್ವಿಯ ತೋಳು ಹಿಡಿದು “ನಮ್ದೇ ಜಾಸ್ತಿ ಇದೆ, ಹೆದರಬೇಡ” ಎಂದಳು. ಅವಳ ಉಗುರು ಮಾತ್ರ ಮೆರ್ವಿಯ ಚರ್ಮಕ್ಕೆ ನಾಟಿತ್ತು.

ಓಟದ ಕಾರ್ಯದರ್ಶಿ ಚೀಟಿಗಳಿದ್ದ ಕಾಫಿಪುಡಿಯ ಡಬ್ಬಿಯನ್ನು ಕುಲುಕಿದ. ಮುಖ ಆಚೆ ತಿರುಗಿಸಿ ಕೈ ಹಾಕಿದ. ಮಡಿಕೆ ಬಿಚ್ಚಿದ.

“ಒಸ್ಕು.”

ಪಿನ್ಯಾ ಕಾರಿನಿಂದ ಇಳಿದೇ ಇರಲಿಲ್ಲ. ಬೆಲ್ಟು ಹಾಗೇ ಇತ್ತು. ಮೆರ್ವಿ ಕಿಟಕಿಯ ಬಲೆ ಸರಿಸಿ ಬಗ್ಗಿದಳು.

“ಕೊಡಲ್ಲ,” ಅಂದಳು ಪಿನ್ಯಾ.

“ಕೊಡಲ್ಲ ಅಂದ್ರೆ ಏನಾಗುತ್ತೆ ಗೊತ್ತಲ್ಲ?”

“ಲೈಸೆನ್ಸ್ ಕಿತ್ಕೊಳ್ತಾರೆ. ಕಿತ್ಕೊಳ್ಳಲಿ.”

“ಸರಿ. ಕಿತ್ಕೊಂಡ ಮೇಲೆ ಈ ಕಾರಲ್ಲಿ ಏನ್ ಮಾಡ್ತೀಯ? ಆಲೂಗಡ್ಡೆ ಹೇರ್ತೀಯ?”

ಪಿನ್ಯಾ ಸ್ಟೀರಿಂಗ್ ಬಿಡಲಿಲ್ಲ. ಸುತ್ತ ನಿಂತವರು ತಮ್ಮ ತಮ್ಮ ಬೂಟು ನೋಡುತ್ತಿದ್ದರು. ಕಾರ್ಯದರ್ಶಿಯ ಕೈಯಲ್ಲಿ ಗಡಿಯಾರವಿತ್ತು.

“ನಾನೇ ಹಾಳು ಮಾಡ್ದೆ, ಅಲ್ವಾಮ್ಮ? ನಾಲ್ಕಕ್ಕೆ ನಿಲ್ಲಿಸ್ಬೇಕಿತ್ತು.”

“ನಿಲ್ಲಿಸ್ಬೇಕಿತ್ತು,” ಅಂದಳು ಮೆರ್ವಿ. ಸುಳ್ಳು ಸಮಾಧಾನ ಅವಳ ಬಾಯಲ್ಲಿ ಬರುತ್ತಿರಲಿಲ್ಲ. “ಆದ್ರೆ ನಾನಿದನ್ನ ಕಟ್ಟಿದ್ದು ನೀನು ಓಡಿಸ್ಲಿ ಅಂತ. ಕೊಟ್ಟಿಗೇಲಿ ಇಟ್ಕೊಂಡು ಪೂಜೆ ಮಾಡೋಕಲ್ಲ. ಇಳಿ.”

ಬೆಲ್ಟಿನ ಕೊಂಡಿ ಟಕ್ಕೆಂದಿತು. ಪಿನ್ಯಾ ಇಳಿದಳು. ಮತ್ತೆ ಒಳಗೆ ಬಗ್ಗಿ ತನ್ನ ದಿಂಬನ್ನು ತೆಗೆದುಕೊಂಡು ಕಂಕುಳಲ್ಲಿಟ್ಟುಕೊಂಡಳು. ಅದು ಕಾರಿನದಲ್ಲ.

ತಾವೆತ್ತಿ ಕೈ ಚಾಚಿದ. ಮೆರ್ವಿ ಕುಲುಕಿದಳು. “ನೋಡು, ಮೂರನೇ ಗೇರಿಗೆ ಹಾಕೋ ಮುಂಚೆ ಒಂದು ಉಸಿರಿನಷ್ಟು ತಡೀಬೇಕು. ಅವಸರ ಮಾಡಿದ್ರೆ ಹಲ್ಲು ಕಡಿಯುತ್ತೆ. ಒಸ್ಕುಗೆ ಹೇಳು.”

ತಾವೆತ್ತಿ ತಲೆ ಕೆರೆದುಕೊಂಡ. “ಇದನ್ನ ನಂಗ್ಯಾಕೆ ಹೇಳ್ತೀಯ ಮಾರಾಯ್ತಿ?”

“ನಿಂಗಲ್ಲ. ಕಾರಿಗೋಸ್ಕರ.”

ಮನೆಗೆ ಹೋಗುವ ದಾರಿಯುದ್ದಕ್ಕೂ ಖಾಲಿ ಟ್ರೇಲರ್ ಹಿಂದೆ ಗಡಗಡ ಎನ್ನುತ್ತಿತ್ತು.

ಮರುದಿನ ಬೆಳಿಗ್ಗೆ ಹಿಲ್ಕಾ ದೊಡ್ಡ ಪಂದ್ಯಕ್ಕೆಂದು ತನ್ನ ಹಳದಿ ಕಾರನ್ನು ತಂದು ಕೊಟ್ಟಿಗೆಯ ಮುಂದೆ ನಿಲ್ಲಿಸಿದಳು. ಅದಕ್ಕೆ ಮಾನ್ಸಿಕ್ಕಿ ಎಂದು ಹೆಸರಿಟ್ಟಿದ್ದಳು; ಆ ಕಡೆ ಹಸುಗಳಿಗಿಡುವ ಹೆಸರು. ಹೆಂಗಸರ ಓಟದಲ್ಲಿ ಒಂಬತ್ತು ವರ್ಷ ಅದು ಕೊನೆಗೇ ಬಂದಿತ್ತು. “ತಗೊ. ಹಾಲು ಕಡಿಮೆ, ಒದೆಯಲ್ಲ,” ಅಂದಳು.

ಮೆರ್ವಿ ಹದಿಮೂರು ದಿನ ಟ್ರ್ಯಾಕ್ಟರು ಮುಟ್ಟಲಿಲ್ಲ. ಎಂಜಿನ್ನಿನ ವಾಲ್ವು ಬದಲಿಸಿದಳು, ಸ್ಪ್ರಿಂಗು ಬದಲಿಸಿದಳು, ಮುಂದಿನ ಮೂತಿಯನ್ನು ಬಡಿದು ನೆಟ್ಟಗೆ ಮಾಡಿದಳು. ಕೊನೆಗೆ ಕೈ ಒರೆಸಿಕೊಳ್ಳುತ್ತಾ, “ಜೀವ ಬಂತು. ವಯಸ್ಸು ಕಡಿಮೆ ಮಾಡೋದು ನನ್ನಿಂದ ಆಗಲ್ಲ,” ಎಂದಳು. ಪಿನ್ಯಾ ದಿಂಬನ್ನು ಹಳದಿ ಕಾರಿನ ಸೀಟಿಗೆ ಕಟ್ಟಿದಳು.

ದೊಡ್ಡ ಪಂದ್ಯದ ದಿನ ಬೆಳಗಿನಿಂದ ಜಡಿಮಳೆ. ಮಣ್ಣು ಗಂಜಿಯಾಗಿತ್ತು. ಮೊದಲ ಸುತ್ತುಗಳನ್ನು ಪಿನ್ಯಾ ಹೇಗೋ ದಾಟಿದಳು. ಸೆಮಿಫೈನಲ್ಲಿನಲ್ಲಿ ಅವಳ ಪಕ್ಕಕ್ಕೇ ಬಂದು ನಿಂತದ್ದು ಕಂದು ಕೊರೊಲ್ಲಾ, ಒಳಗೆ ಒಸ್ಕು. ಮೂರು ಕಾರುಗಳಿಗೆ ಮಾತ್ರ ಫೈನಲ್. ಬಿರ್ಗಿತ್ತಾ ಬೇಲಿಯ ಬಳಿ ಹಸಿರು ರೇನ್‌ಕೋಟಿನಲ್ಲಿ ನಿಂತಿದ್ದಳು. ಮೆರ್ವಿ ಅವಳ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ.

ಬಾವುಟ ಬಿದ್ದಾಗ ಎಲ್ಲ ಎಂಜಿನ್ನುಗಳ ನಡುವೆ ಮೆರ್ವಿಯ ಕಿವಿಗೆ ಒಂದು ಸದ್ದು ಚುಚ್ಚಿತು. ಕರ್ರ್... ಕೊರೊಲ್ಲಾದ ಮೂರನೇ ಗೇರು. ಒಸ್ಕು ತಡೆದಿರಲಿಲ್ಲ. ಅವಳಿಗೆ ತನ್ನ ಹಲ್ಲೇ ಕಡಿದಂತಾಯಿತು.

ಹಳದಿ ಕಾರಿಗೆ ನೇರ ದಾರಿಯಲ್ಲಿ ಉಸಿರು ಸಾಲುತ್ತಿರಲಿಲ್ಲ. ಎಲ್ಲರೂ ದಾಟಿ ಹೋಗುತ್ತಿದ್ದರು. ಆದರೆ ತಿರುವು ಬಂದಾಗ ಎಲ್ಲರೂ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪಿನ್ಯಾ ಮಾತ್ರ ತೆಗೆಯುತ್ತಿರಲಿಲ್ಲ. ಕಾರನ್ನು ಮೊದಲೇ ಅಡ್ಡ ಹಾಕಿ, ಕೆಸರಿನ ಮೇಲೆ ತೇಲಿಸಿ, ಆಚೆ ತುದಿಯಿಂದ ಹೊರಬರುತ್ತಿದ್ದಳು. ಆರು, ಐದು, ಮತ್ತೆ ಆರು, ಐದು. ಕೊನೆಯ ತಿರುವಿನಲ್ಲಿ ಕೊರೊಲ್ಲಾವನ್ನು ದಾಟಿ ನಾಲ್ಕಕ್ಕೆ ಬಂದಳು. ಮೂರನೆಯವನ ಬಾಲಕ್ಕೆ ಒಂದು ಮೊಳ ಉಳಿದಿತ್ತು. ಗೆರೆ ಬಂದೇಬಿಟ್ಟಿತು.

ನಾಲ್ಕು. ಫೈನಲ್ ಇಲ್ಲ.

ಮೆರ್ವಿ ಮಗಳಿಗೆ ಕಾಫಿ ಕೊಟ್ಟಳು. ಪಿನ್ಯಾ ಕುಡಿಯಲಿಲ್ಲ, ಕೈ ಬೆಚ್ಚಗೆ ಮಾಡಿಕೊಂಡಳು. ಕಟ್ಟಳೆಯಂತೆ ಹಳದಿ ಕಾರಿಗೂ ಡಬ್ಬಿ ಇಟ್ಟರು. ಅರ್ಧ ಗಂಟೆಯ ಮೇಲೆ ಅಲ್ಲಿನ ಕಾರ್ಯದರ್ಶಿ ಅದನ್ನು ತಲೆಕೆಳಗೆ ಮಾಡಿ ತೋರಿಸಿದ.

“ಒಂದೂ ಇಲ್ವಾ?” ಜೊತೆಗೆ ಬಂದಿದ್ದ ಹಿಲ್ಕಾಗೆ ರೇಗಿಹೋಯಿತು. “ನನ್ನ ಮಾನ್ಸಿಕ್ಕೀನ ಕೇಳೋರೇ ಇಲ್ವಾ? ಥೂ ನಿಮ್ಮ!”

ಸುತ್ತಲಿದ್ದವರು ನಕ್ಕರು. ಆ ನಗುವಿನ ಹಿಂದಿನಿಂದ ಹಸಿರು ರೇನ್‌ಕೋಟು ಬಂತು.

“ಆ ಕಂದು ಕಾರು ಕಟ್ಟಿದ್ದು ನೀವಾ?” ಬಿರ್ಗಿತ್ತಾ ಮೆರ್ವಿಯನ್ನು ಕೇಳಿದಳು.

“ನಾನೇ.”

“ಎರಡು ವಾರದ ಹಿಂದೆ ಐದನೇ ಜಾಗದಿಂದ ಒಂದೇ ಸುತ್ತಲ್ಲಿ ಗೆದ್ದಿತಂತೆ. ಇವತ್ತು ಹಿಂದೆ ಬಿತ್ತು. ಅದರಲ್ಲಿ ಏನಾದ್ರೂ ಬದಲಾಯಿಸಿದಾರಾ?”

ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡುವುದು ಮೆರ್ವಿಯ ಅಭ್ಯಾಸ.

“ಏನಿಲ್ಲ. ಸೀಟಿನ ಮೇಲೆ ಒಂದು ದಿಂಬಿತ್ತು. ಅದು ಈಗಿಲ್ಲ.”

ಬಿರ್ಗಿತ್ತಾ ಸುತ್ತ ನೋಡಿದಳು. ಹೂವಿನ ಬಟ್ಟೆಯ, ಕೆಸರು ಮೆತ್ತಿದ ದಿಂಬು ಪಿನ್ಯಾಳ ಕಂಕುಳಲ್ಲಿತ್ತು.

“ಮಂಗಳವಾರ ಪೊರ್ವೊಗೆ ಬಾ,” ಅಂದಳು ಪಿನ್ಯಾಗೆ. “ಅದನ್ನೂ ತಗೊಂಡ್ ಬಾ. ನಮ್ಮ ಸೀಟೂ ತಗ್ಗೇ ಇದೆ.”

ಅದಾಗಿ ಹನ್ನೊಂದು ವರ್ಷ. ಓಡಿಸುವುದೇ ಪಿನ್ಯಾಗೆ ಹೊಟ್ಟೆಪಾಡು. ಈಗ ಸೀಟನ್ನು ಅವಳ ಮೈಗೆ ಅಳತೆ ತೆಗೆದು ಮಾಡುತ್ತಾರೆ. ದಿಂಬು ಚೀಲದಲ್ಲಿ ಸುಮ್ಮನೆ ದೇಶ ಸುತ್ತುತ್ತದೆ. ಎರಡು ಸಲ ಭುಜ ಮುರಿದುಕೊಂಡಳು, ಒಂದು ವರ್ಷ ಸೀಟಿಲ್ಲದೆ ಮನೆಯಲ್ಲಿ ಕೂತಳು, ಮತ್ತೆ ಹೋದಳು. ಮೆರ್ವಿ ಓಟವನ್ನು ಟಿವಿಯಲ್ಲಿ ನೋಡುವುದಿಲ್ಲ. ಆ ಹೊತ್ತಿಗೆ ಯಾರದಾದರೂ ಟ್ರ್ಯಾಕ್ಟರಿನ ಕೆಳಗೆ ಮಲಗಿರುತ್ತಾಳೆ. ಓಟಕ್ಕೆ ಮೊದಲು ಒಂದು ಫೋನು ಮಾತ್ರ ಮಾಡುತ್ತಾಳೆ.

“ಗೆಲ್ಲಬೇಡ.”

“ಗೊತ್ತಮ್ಮಾ,” ಎನ್ನುತ್ತಾಳೆ ಆ ಕಡೆಯಿಂದ ಪಿನ್ಯಾ. ಬೆಲ್ಟಿನ ಕೊಂಡಿ ಬೀಳುವ ಟಕ್ ಸದ್ದು ಮೆರ್ವಿಗೆ ಕೇಳಿಸುತ್ತದೆ. ಅಷ್ಟು ಕೇಳಿಸಿದ ಮೇಲೆಯೇ ಅವಳು ಫೋನು ಇಡುವುದು.