ಲೈಟು ಕಂಬದ ಕೆಳಗಿನ ಮೊಗ್ಗು

ಯುದ್ಧಕ್ಕೆ ಹೋದ ನಮ್ಮಣ್ಣ ಇಟಲಿಯಿಂದ ಬರೆದ ಕೊನೆಯ ಕಾಗದದಲ್ಲಿ ಊರಿನ ಹೆಸರಿನ ಮೇಲೆ ಮಿಲಿಟರಿಯವರು ಕಪ್ಪು ಮಸಿ ಬಳಿದಿದ್ದರು. ಉಳಿದದ್ದನ್ನು ಹಾಗೇ ಬಿಟ್ಟಿದ್ದರು. "ಅಮ್ಮಾ, ಇಲ್ಲಿ ರಾತ್ರಿ ಒಂಬತ್ತಾದ್ರೂ ಬೆಳಕಿರುತ್ತೆ. ಕೋಳಿ ಗೂಡು ಸೇರಲ್ಲ, ನನಗೂ ನಿದ್ದೆ ಬರಲ್ಲ. ಗೋಧಿ ಹೊಲದ ತುಂಬ ಒಂದು ನೀಲಿ ಹೂ. ಇದರೊಳಗೆ ಅದರ ಬೀಜ ಇಟ್ಟಿದ್ದೀನಿ, ಹಾಕು. ಅದು ಹೂ ಬಿಡೋ ಹೊತ್ತಿಗೆ ಬಂದೇ ಬರ್ತೀನಿ."

ನಾವು ಆಗ ಭದ್ರಾವತಿಯಲ್ಲಿ, ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ನನಗೆ ಹದಿನಾರು. ಅಪ್ಪ ಕುಲುಮೆಯಲ್ಲಿ ಪಾಳಿ ಕೆಲಸಕ್ಕಿದ್ದರು. ಅವರಿಗೂ ಸೂರ್ಯನಿಗೂ ಮಾತು ಬಿಟ್ಟು ವರ್ಷಗಳಾಗಿದ್ದವು. ಹಗಲೆಲ್ಲ ಗೊರಕೆ, ರಾತ್ರಿಯೆಲ್ಲ ಬೆಂಕಿ. ಅಮ್ಮ ಮಾತ್ರ ದಿನವನ್ನು ಬೆಳಕಿನಿಂದಲೇ ಅಳೆಯುವವಳು. ಕಾಗದ ಓದಿ ಹೇಳಿದಾಗ ಅವಳಿಗೆ ಹತ್ತಿದ ಚಿಂತೆ ಒಂದೇ. "ಒಂಬತ್ತಕ್ಕೂ ಕತ್ತಲಾಗಲ್ಲ ಅಂದ್ರೆ, ಊಟಕ್ಕೆ ಹೊತ್ತಾಯ್ತು ಅಂತ ಅವನಿಗೆ ಹೆಂಗೆ ಗೊತ್ತಾಗುತ್ತೆ?" ನಾನು ನಕ್ಕೆ. ಆ ನಗುವಿಗೆ ಈಗಲೂ ನಾಚಿಕೆಯಾಗುತ್ತದೆ.

ದಸರೆ ಕಳೆದ ಮೇಲೆ ಹಿತ್ತಲಲ್ಲಿ ಬೀಜ ಹಾಕಿದೆವು. ಅಮ್ಮನ ತವರು ಹೊಳೆಹೊನ್ನೂರು. ವೀಳ್ಯದೆಲೆಯ ಬಳ್ಳಿಗೆ ನೆರಳು ಕಟ್ಟಿ ಬೆಳೆದ ಕೈ. ಚಳಿ ದೇಶದ ಸಸಿ, ನಮ್ಮ ಬಿಸಿಲು ತಡೆಯುವುದಿಲ್ಲ ಎಂದು ಮಧ್ಯಾಹ್ನ ಮೂರಕ್ಕೇ ಅದರ ಮೇಲೆ ಗೋಣಿತಾಟು ಕಟ್ಟುತ್ತಿದ್ದಳು, ಮಾರನೆಯ ದಿನ ಇಬ್ಬನಿ ಆರಿದ ಮೇಲೆ ಬಿಚ್ಚುತ್ತಿದ್ದಳು. ಸಸಿಗಳು ಒತ್ತಾದಾಗ ಒಂದಷ್ಟನ್ನು ಕೀಳಲು ನನಗೆ ಹೇಳಿದಳು. ಎಸೆಯಲು ಮನಸ್ಸಾಗಲಿಲ್ಲ. ಬೀದಿ ನಲ್ಲಿಯ ಪಕ್ಕದ ಲೈಟು ಕಂಬದ ಬುಡ ಚೆಲ್ಲಿದ ನೀರಿಗೆ ಸದಾ ಒದ್ದೆ. ಮೂರು ಸಸಿಗಳನ್ನು ಅಲ್ಲಿ ಊರಿ ಮರೆತುಬಿಟ್ಟೆ.

ಸಂಕ್ರಾಂತಿಗೆ ಮುಂಚೆ ತಂತಿ ಬಂತು. ಅಣ್ಣನ ಪತ್ತೆಯಿಲ್ಲ ಎಂದಷ್ಟೇ ಇತ್ತು. ಅಪ್ಪ ಅದನ್ನು ಮಡಿಸಿ ಜೇಬಿಗಿಟ್ಟು ಪಾಳಿಗೆ ಹೋದರು. ಅಮ್ಮ ಅಳಲಿಲ್ಲ, ಹಿತ್ತಲಿಗೆ ಹೋಗಿ ಗಿಡಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು. ನೆಲಕ್ಕಂಟಿದ ಎಲೆ, ಎಲೆಯ ಮೇಲೆ ಎಲೆ, ಮೊಗ್ಗಿನ ಸುಳಿವಿಲ್ಲ.

"ಇನ್ನೂ ಹೂ ಬಿಟ್ಟಿಲ್ಲ ನೋಡು," ಎಂದಳು. "ಅವನು ಬರೋ ಹೊತ್ತು ಇನ್ನೂ ಆಗಿಲ್ಲ."

ಅಕ್ಕಪಕ್ಕದವರು ಬಂದು ಮುಖ ಸಪ್ಪೆ ಮಾಡಿದರೆ ಅವರಿಗೂ ಆ ಎಲೆಗಳನ್ನೇ ತೋರಿಸುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ.

ಯುಗಾದಿಗೆ ಮುಂಚಿನ ಒಂದು ಬೆಳಿಗ್ಗೆ ನೀರಿಗೆ ಹೋದವಳು ಕಂಬದ ಬುಡ ನೋಡಿ ನಿಂತುಬಿಟ್ಟೆ. ಮರೆತ ಮೂರು ಸಸಿಗಳು ಮೊಣಕಾಲುದ್ದ ಕಡ್ಡಿ ಎತ್ತಿದ್ದವು. ತುದಿಯಲ್ಲಿ ಮೊಗ್ಗು, ಮೊಗ್ಗಿನ ಬಾಯಲ್ಲಿ ನೀಲಿಯ ಗೆರೆ.

ಕಾರಣ ತಿಳಿದದ್ದು ವರ್ಷಗಳ ಮೇಲೆ, ಶಿವಮೊಗ್ಗದಲ್ಲಿ ಮೇಡಂ ಅನ್ನಿಸಿಕೊಂಡು ಹುಡುಗಿಯರಿಗೆ ಭೂಗೋಳ ತಿರುಗಿಸಿ ತೋರಿಸುವಾಗ. ಉತ್ತರಕ್ಕೆ ಹೋದಷ್ಟೂ ಬೇಸಿಗೆಯ ಹಗಲು ಹಿಗ್ಗುತ್ತದೆ. ಅಲ್ಲಿನ ಗಿಡಗಳು ಎಷ್ಟೋ ತಲೆಮಾರು ಆ ಹಿಗ್ಗಿಗೇ ಒಗ್ಗಿ, ಹಗಲು ಉದ್ದವಾಗುವ ತನಕ ಹೂ ಬಿಡದೆ ಕಾಯುವುದನ್ನು ಮೈಗೂಡಿಸಿಕೊಂಡಿವೆ. ನಮ್ಮ ಕಡೆ ವರ್ಷದ ಅತಿ ಉದ್ದದ ಹಗಲಿಗೂ ಗಿಡ್ಡ ಹಗಲಿಗೂ ಎರಡು ಗಂಟೆಯ ಅಂತರವೂ ಇಲ್ಲ. ಅದು ಕಾಯುವ ಹಗಲು ಭದ್ರಾವತಿಗೆ ಯಾವತ್ತೂ ಬರುವುದಿಲ್ಲ. ಅಮ್ಮನ ಗೋಣಿತಾಟು ಇದ್ದ ಹಗಲನ್ನೂ ಮೊಟಕು ಮಾಡಿತ್ತು. ಕಂಬದ ದೀಪ ಮಾತ್ರ ಆ ಮೂರು ಸಸಿಗಳಿಗೆ ಇಟಲಿಯ ಸಂಜೆಯನ್ನು ಕೊಟ್ಟಿತ್ತು.

ಆ ಬೆಳಿಗ್ಗೆ ಇದೊಂದೂ ಗೊತ್ತಿರಲಿಲ್ಲ. ಅಮ್ಮ ಇದನ್ನು ನೋಡಿದರೆ ಬಾಗಿಲಲ್ಲಿ ಹೋಗಿ ಕೂರುತ್ತಾಳೆ, ಅಣ್ಣ ಬರುವುದಿಲ್ಲ ಎಂಬುದಷ್ಟೇ ಹೊಳೆಯಿತು. ಮೊಗ್ಗುಗಳನ್ನು ಚಿವುಟಿ ಮೋರಿಗೆ ಹಾಕಿದೆ. ಪಕ್ಕದಿಂದ ಮತ್ತೆ ಮೊಗ್ಗು ಬಂದವು, ಮತ್ತೆ ಚಿವುಟಿದೆ. ದಿನಾ ಬೆಳಿಗ್ಗೆ ಅದೇ ಕೆಲಸ. ಗಿಡವನ್ನೇ ಕಿತ್ತೆಸೆಯಬಹುದಿತ್ತು, ಅಣ್ಣ ಕೈಯಾರೆ ಆರಿಸಿ ಕಳಿಸಿದ ಬೀಜ, ಆಗಲಿಲ್ಲ.

ಅಷ್ಟರಲ್ಲಿ ಮಲೇರಿಯಾ ಬಂದು ನಾಲ್ಕು ದಿನ ಮಲಗಿದೆ. ಜ್ವರಕ್ಕಿಂತ ಆ ಮೊಗ್ಗುಗಳದೇ ಭಯ. ಐದನೆಯ ಬೆಳಿಗ್ಗೆ ಗೋಡೆ ಹಿಡಿದುಕೊಂಡು ನಲ್ಲಿಗೆ ಹೋದೆ. ಒಂದು ಹೂವೂ ಇರಲಿಲ್ಲ. ಕಡ್ಡಿಗಳ ತುದಿ ಚಿವುಟಿದ್ದು ಇನ್ನೂ ಹಸಿಯಾಗಿತ್ತು. ತಿರುಗಿದರೆ ಅಮ್ಮ, ಕಂಕುಳಲ್ಲಿ ಕೊಡ.

"ಏನ್ ನೋಡ್ತೀಯ ಮಾರಾಯ್ತಿ? ನೀನು ಮಲಗಿದ್ಯಲ್ಲ, ನಾನೇ ಚಿವುಟಿದೆ."

"ನಿನಗೆ ಗೊತ್ತಿತ್ತಾ?"

"ಮೊದಲನೇ ದಿನದಿಂದ ಗೊತ್ತು. ಅವನು ಬರದೆ ಇದು ಅರಳಿಬಿಟ್ರೆ, ಆಮೇಲೆ ನಾನು ಏನನ್ನ ಕಾಯ್ಲಿ?"

ಕೊಡವನ್ನು ನಲ್ಲಿಯ ಕೆಳಗಿಟ್ಟಳು. ಮಾರನೆಯ ದಿನದಿಂದ ಒಟ್ಟಿಗೇ ಹೋದೆವು, ಅವಳೊಂದು ಗಿಡ, ನಾನೆರಡು. ಬೇಸಿಗೆ ಬಲಿತು ಅವು ಒಣಗಿದವು. ಅಣ್ಣ ನೋಡಿದ ಆ ಹೂ ಅರಳಿದಾಗ ಹೇಗಿರುತ್ತದೆಂದು ನಾವಿಬ್ಬರೂ ನೋಡಲಿಲ್ಲ.